ಕೂತು ಕಾದುವ ಕತ್ತಿ

ಜಯನಗರ

ಇದನ್ನು ನೀವು ನಂಬುವುದಿಲ್ಲ. ನಂಬದಿದ್ದರೆ ನನಗೇನೂ ಬೇಜಾರಿಲ್ಲ. ನಮ್ಮ ಬೀದಿಯಲ್ಲಿ ಈವರೆಗೆ ನನ್ನ ಮಾತು ನಂಬಿದವರು ಇಬ್ಬರೇ, ಅವರಲ್ಲಿ ಒಬ್ಬರಿಗೆ ಕಿವಿ ಕೇಳುವುದಿಲ್ಲ. ಆದರೆ ನಾನು ಫಾರಿನ್ನಿಗೆ ಹೋಗಿಬಂದದ್ದು ಸತ್ಯ. ನೇಪಾಳ ಫಾರಿನ್ ಅಲ್ಲ ಅನ್ನುವವರು ಸ್ಕೂಲ್ ಅಟ್ಲಾಸ್ ತೆಗೆದು ನೋಡಬಹುದು, ಅದಕ್ಕೆ ಬೇರೆ ಬಣ್ಣ ಹಾಕಿದ್ದಾರೆ.

"ಪಾಸ್‌ಪೋರ್ಟೇ ಬೇಡ ಅಂದ್ಮೇಲೆ ಅದ್ಯಾವ ಸೀಮೆ ಫಾರಿನ್ನು ಗುರು?" ಅಂದವನು ಪದ್ಮನಾಭನಗರದ ಸುಧೀಂದ್ರ. ಅವನೂ ನಾನೂ ಒಂದೇ ಕ್ಲಾಸು, ಇಬ್ಬರಿಗೂ ಒಂದೇ ಹುಚ್ಚು. ಬೇರೆ ಹುಡುಗರು ಸ್ಟ್ಯಾಂಪು, ಬೆಂಕಿಪೊಟ್ಟಣದ ಲೇಬಲ್ಲು ಕೂಡಿಡುತ್ತಿದ್ದ ಕಾಲದಲ್ಲಿ ನಾವು ಕತ್ತಿ ಕೂಡಿಡುತ್ತಿದ್ದೆವು. ಹಳೇ ಕತ್ತಿ, ಮಿಲಿಟರಿ ಕತ್ತಿ, ಬೇಟೆ ಚಾಕು, ಒಟ್ಟಿನಲ್ಲಿ ಅಮ್ಮಂದಿರ ಕಣ್ಣಿಗೆ ಬೀಳಬಾರದ ಯಾವುದಾದರೂ ಸರಿ.

ನನ್ನ ಕಲೆಕ್ಷನ್ನಿನಲ್ಲಿ ಒಂದು ಬಯೊನೆಟ್ ಇತ್ತು. ತ್ಯಾಗರಾಜನಗರದ ಗುಜರಿ ಅಂಗಡಿಯಲ್ಲಿ ಸಿಕ್ಕಿದ್ದು. ಅದಕ್ಕೆ ಮುಂಚೆ ಯಾವನೋ ಮಾಲಿ ಅದರಲ್ಲಿ ಗುಲಾಬಿ ಗಿಡಕ್ಕೆ ಪಾತಿ ತೋಡುತ್ತಿದ್ದನಂತೆ, ತುದಿ ಮುರಿದು ಮೊಂಡಾಗಿತ್ತು. ಆ ತುದಿ ಒಬ್ಬ ಜರ್ಮನ್ ಕರ್ನಲ್ಲನ ಪಕ್ಕೆಲುಬಿನಲ್ಲಿ ಉಳಿದುಹೋಗಿದೆ ಎಂದು ನಾನು ಎಲ್ಲರಿಗೂ ಹೇಳಿದ್ದೆ. ಆಮೇಲೆ ಜಿಂಕೆ ಕೊಂಬಿನ ಹಿಡಿಯ ಬೇಟೆ ಚಾಕು. ಅದೊಂದು ಮಾತ್ರ ಅಸಲಿ. ಸೋದರಮಾವನಿಗೆ ಯಾವನೋ ಶಿಕಾರಿ ಕೊಟ್ಟದ್ದು, ಮಾವ ಹೆದರಿ ನನಗೆ ಕೊಟ್ಟದ್ದು. ಸಂಖ್ಯೆ ಜಾಸ್ತಿ ಕಾಣಲಿ ಎಂದು ಅಜ್ಜನ ಅಡಕತ್ತರಿಯನ್ನೂ ಸೇರಿಸಿದ್ದೆ.

"ಇದು ಕಲೆಕ್ಷನ್ ಅಲ್ಲ ಮಗಾ, ಗುಜರಿ," ಅಂದಿದ್ದ ಸುಧೀಂದ್ರ. ಅವನ ಹತ್ತಿರ ಒರೆ ಸಮೇತ ಇಡೀ ಬಯೊನೆಟ್ ಇತ್ತು, ಮೇಲೆ ನಂಬರ್ ಕೆತ್ತಿತ್ತು, ಮಧ್ಯೆ ಉದ್ದಕ್ಕೂ ಕಾಲುವೆ ಇತ್ತು. ನಾನು ಆ ಬಯೊನೆಟ್ಟನ್ನು ಎಷ್ಟು ಸಲ ಕನಸಿನಲ್ಲಿ ಕಂಡಿದ್ದೆನೆಂದರೆ, ಅದಕ್ಕೆ ನನ್ನ ಪರಿಚಯ ಆಗಿಹೋಗಿತ್ತು.

ದಸರಾ ರಜೆಗೆ ನಮ್ಮ ಕಡೆಯ ಒಂದು ಬಸ್ಸಿಗಾಗುವಷ್ಟು ಜನ ಸೇರಿ ರೈಲಿನಲ್ಲಿ ಪಶುಪತಿನಾಥನ ಯಾತ್ರೆಗೆ ಹೊರಟರು. ಅಪ್ಪನಿಗೆ ರಜೆ ಸಿಗಲಿಲ್ಲ, ಅಮ್ಮನ ಜೊತೆಗೆ ನಾನು. ಸುದ್ದಿ ಕೇಳಿ ಸುಧೀಂದ್ರ ಪಂದ್ಯ ಕಟ್ಟಿದ.

"ಗೂರ್ಖಾ ಊರಿಗೆ ಹೋಗ್ತಿದೀಯ. ಯುದ್ಧ ಮಾಡಿರೋ ಕುಕ್ರಿ ತಗೊಂಡ್ ಬಾ, ನನ್ ಬಯೊನೆಟ್ ನಿಂದು. ತರ್ಲಿಲ್ಲ ಅಂದ್ರೆ ನಿನ್ ಜಿಂಕೆ ಕೊಂಬಿನ ಚಾಕು ನಂದು."

"ಒಂದಲ್ಲ, ಜೋಡಿ ತರ್ತೀನಿ."

"ಟೂರಿಸ್ಟ್ ಪೀಸ್ ತಂದ್ರೆ ಒಂದೇ ನೋಟಕ್ಕೆ ಹಿಡೀತೀನಿ. ಹಿಡಿ ಮೇಲೆ ಸಿಂಹದ ಮುಖ ಇದ್ರೆ ಬಸ್‌ಸ್ಟ್ಯಾಂಡಲ್ಲೇ ಎಸೆದು ಬಾ."

ಹೊರಡುವ ದಿನ ಅಮ್ಮನ ಲಗೇಜು ನೋಡಿ ನನಗೆ ತಲೆ ಸುತ್ತಿತು. ಅವಲಕ್ಕಿ, ಚಟ್ನಿಪುಡಿ, ತೆಂಗಿನಕಾಯಿ, ಅದರ ಮೇಲೆ ಹಳೇ ಸೀರೆಯಲ್ಲಿ ಸುತ್ತಿದ ಈಳಿಗೆಮಣೆ. ಯಾತ್ರೆಗೆ ಅಡುಗೆಯ ಮಾದಪ್ಪನವರು ಇದ್ದರು, ಅವರ ಹತ್ತಿರ ಚಾಕುಗಳಿದ್ದವು. ಅಮ್ಮ ಕೇಳಲಿಲ್ಲ. "ಕೈಯಲ್ಲಿ ಹಿಡ್ಕೊಂಡು ಹೆಚ್ಚೋದು ಒಂದು ಹೆಚ್ಚೋದಾ? ಬೆರಳೂ ಹುಳಿಗೆ ಹೋಗತ್ತೆ," ಅಂದಳು. ಫಾರಿನ್ನಿಗೆ ಹೊರಟ ಮಗ ಪಕ್ಕದಲ್ಲಿ ಈಳಿಗೆಮಣೆ ಇಟ್ಟುಕೊಂಡು ರೈಲಿನಲ್ಲಿ ಕೂರಬೇಕಾಯಿತು. ಯಾರಾದರೂ ಕೇಳಿದರೆ ವೀಣೆ ಎಂದು ಹೇಳಿದೆ.

ಗಡಿ

ರಕ್ಸೌಲಿನಲ್ಲಿ ರೈಲು ಇಳಿದು ಟಾಂಗಾ ಹತ್ತಿದೆವು. ಫಾರಿನ್ ಬಂದ ತಕ್ಷಣ ಬಲಗಾಲು ಮುಂದಿಡಬೇಕೆಂದು ನಾನು ರೆಡಿಯಾಗಿ ಕೂತಿದ್ದೆ. ಒಂದು ಕಮಾನು ಬಂತು, ಧೂಳು ಬಂತು, ಇನ್ನೊಂದು ಕಮಾನು ಬಂತು. ಎಲ್ಲಿ ಇಂಡಿಯಾ ಮುಗಿಯಿತು, ಎಲ್ಲಿ ನೇಪಾಳ ಶುರುವಾಯಿತು, ಗೊತ್ತಾಗಲೇ ಇಲ್ಲ. ಎರಡು ಕಡೆಯ ನೊಣಗಳೂ ಒಂದೇ ಥರ ಇದ್ದವು. ಟಾಂಗಾದವನನ್ನು ಕೇಳಿದರೆ ಚಾವಟಿ ಹಿಂದಕ್ಕೆ ತೋರಿಸಿ ನಕ್ಕ. ಫಾರಿನ್ ಬಂದು ಆಗಲೇ ಎಷ್ಟೋ ಹೊತ್ತಾಗಿತ್ತಂತೆ, ನಾನು ಆಗ ಆಕಳಿಸುತ್ತಿದ್ದೆ.

ಅಲ್ಲಿಂದ ಗೊಂದಲ ಶುರುವಾಯಿತು. ಅವರ ಗಡಿಯಾರಗಳು ನಮ್ಮದಕ್ಕಿಂತ ಒಂದಿಷ್ಟು ನಿಮಿಷ ಮುಂದೆ. ಒಂದು ಗಂಟೆಯೋ ಅರ್ಧ ಗಂಟೆಯೋ ಆಗಿದ್ದರೆ ಮರ್ಯಾದೆ ಇರುತ್ತಿತ್ತು, ಇದು ನಮ್ಮ ಮನೆಯ ಗೋಡೆ ಗಡಿಯಾರ ತಪ್ಪು ತೋರಿಸುವಷ್ಟೇ ವ್ಯತ್ಯಾಸ. ಕಠ್ಮಂಡುವಿನ ಬಸ್ಸು ಹತ್ತುವ ಮುಂಚೆ ನಿಂತ ಚಹಾ ಅಂಗಡಿಯ ಕ್ಯಾಲೆಂಡರಿನಲ್ಲಿ ಇಸವಿ ಎರಡು ಸಾವಿರ ದಾಟಿ ನಲವತ್ತಕ್ಕೆ ಬಂದಿತ್ತು, ನಮ್ಮಲ್ಲಿ ಇನ್ನೂ ಸಾವಿರದ ಒಂಬೈನೂರ ಎಂಬತ್ತಮೂರು. ಆ ಲೆಕ್ಕದಲ್ಲಿ ನನಗೆ ಷಷ್ಟ್ಯಬ್ದಿ ಆಗಿ ಹಲ್ಲು ಬಿದ್ದಿರಬೇಕು. "ಅವ್ರು ಮುಂದಿದಾರೋ ನಾವು ಹಿಂದಿದೀವೋ?" ಎಂದು ಅಮ್ಮನನ್ನು ಕೇಳಿದೆ. "ಬಸ್ಸು ಮುಂದೆ ಹೋಗ್ತಿದೆ, ನೀನು ಹಿಂದಿದೀಯ. ಓಡು," ಅಂದಳು.

ಆ ಬಸ್ಸು ಬೆಟ್ಟ ಹತ್ತಿದ ಎತ್ತರಕ್ಕೆ ಹದ್ದುಗಳ ಬೆನ್ನು ಕಾಣುತ್ತಿತ್ತು. ಮುಂದಿನ ಸೀಟಿನವರು ಬೆಳಿಗ್ಗೆ ತಿಂದ ಅವಲಕ್ಕಿ ಮಧ್ಯಾಹ್ನ ಹಿಂದಿನ ಸೀಟಿನವರ ಮಡಿಲಿಗೆ ಬಂತು. ನಾನು ಮಾತ್ರ ಒಂದು ಸಲವೂ ವಾಂತಿ ಮಾಡಲಿಲ್ಲ. ಈ ವಾಕ್ಯವನ್ನು ಅಮ್ಮ ಓದಬಾರದು.

ಕಠ್ಮಂಡು, ಕತ್ತಿ ಅಂಗಡಿಗಳ ಬೀದಿ

ಊರು ತುಂಬ ಆಡುಗಳು. ಎಲ್ಲರ ಕೈಯಲ್ಲೂ ಹಗ್ಗ, ಹಗ್ಗದ ಕೊನೆಯಲ್ಲಿ ಆಡು. ಸೈಕಲ್ಲಿನ ಮೇಲೆ ಆಡು, ಟ್ಯಾಕ್ಸಿಯ ಕಿಟಕಿಯಲ್ಲಿ ಆಡು. ಅಮ್ಮನಿಗೆ ಬಹಳ ಸಂತೋಷವಾಯಿತು. "ನೋಡೋ ಚಿದು, ಎಷ್ಟು ಪ್ರೀತಿಯಿಂದ ಸಾಕ್ತಾರೆ. ಹಬ್ಬಕ್ಕೆ ಜೊತೇಲೇ ಕರ್ಕೊಂಡ್ ಹೋಗ್ತಿದಾರೆ," ಅಂದಳು. ನಮ್ಮ ಕಡೆ ಆಯುಧಪೂಜೆಗೆ ಬೂದುಗುಂಬಳ ಒಡೆಯುತ್ತಾರಲ್ಲ, ಇಲ್ಲಿ ಆ ಕೆಲಸಕ್ಕೆ ಆಡು ಎಂದು ಮಾದಪ್ಪನವರು ನನ್ನ ಕಿವಿಯಲ್ಲಿ ಹೇಳಿದರು. ನಾನು ಅಮ್ಮನಿಗೆ ಹೇಳಲಿಲ್ಲ. ಆಮೇಲೆ ಪ್ರತಿಯೊಂದು ಆಡೂ ನನ್ನನ್ನೇ ಏನೋ ಕೇಳುವ ಹಾಗೆ ನೋಡಿತು.

ಕುಕ್ರಿ ಅಂಗಡಿಗಳ ಬೀದಿಯಲ್ಲಿ ನಾನು ಹುಟ್ಟಿದ ಮೇಲೆ ಮೊದಲ ಬಾರಿಗೆ ನನಗಿಂತ ದೊಡ್ಡ ಸುಳ್ಳುಗಾರರನ್ನು ಕಂಡೆ. ಪ್ರತಿ ಅಂಗಡಿಯಲ್ಲೂ ಫಳಫಳ ಹೊಳೆಯುವ ಕುಕ್ರಿ, ಪ್ರತಿ ಹಿಡಿಯ ಮೇಲೂ ಸಿಂಹದ ಮುಖ, ಪ್ರತಿಯೊಂದೂ ಬರ್ಮಾ ಯುದ್ಧದಲ್ಲಿ ತಲೆ ತೆಗೆದದ್ದು. ಆ ಬೀದಿಯ ಲೆಕ್ಕ ಕೂಡಿಸಿದರೆ ಜಪಾನಿನಲ್ಲಿ ಒಬ್ಬನೂ ಉಳಿದಿರಲಿಕ್ಕಿಲ್ಲ, ಟ್ರಾನ್ಸಿಸ್ಟರ್ ಯಾರು ಮಾಡುತ್ತಿದ್ದಾರೋ ತಿಳಿಯದು. ಒಂದು ಕುಕ್ರಿಗೆ ಎಣ್ಣೆಯೂ ಆರಿರಲಿಲ್ಲ. "ಇದು ಯಾವ ಯುದ್ಧ?" ಎಂದು ನನ್ನ ಸ್ಕೂಲ್ ಹಿಂದಿಯಲ್ಲಿ ಕೇಳಿದೆ. ಅಂಗಡಿಯವನು ಒಂದು ಕ್ಷಣ ಯೋಚಿಸಿ, "ನಿಮಗೆ ಯಾವುದು ಬೇಕು?" ಅಂದ.

ಅಲಗಿನ ಬುಡದಲ್ಲಿ, ಹಿಡಿಯ ಹತ್ತಿರ, ಒಂದು ಸಣ್ಣ ಕಚ್ಚು ಇರುತ್ತದೆ. ಅದು ಏಕೆ ಎಂದು ಕೇಳಿದೆ. ಮೊದಲನೆಯವನು ಹಸುವಿನ ಗೊರಸು ಅಂದ. ಎರಡನೆಯವನು ಶಿವನ ತ್ರಿಶೂಲ ಅಂದ. ಮೂರನೆಯವನು ರಕ್ತ ಹಿಡಿಗೆ ಇಳಿಯದ ಹಾಗೆ ಅಂದ. ಕೊನೆಯವನು, "ಅಲ್ಲಿ ಹಾಗೇ ಇರೋದು," ಅಂದ. ಎಲ್ಲರನ್ನೂ ನಂಬಿದೆ. ಯಾರನ್ನು ನಂಬಬಾರದೆಂದು ತಿಳಿಯದಿದ್ದರೆ ಅದೊಂದೇ ದಾರಿ.

ಹವಲ್ದಾರ ತಾತನ ಅಂಗಳ

ಲಾಡ್ಜಿಗೆ ಹಿಂತಿರುಗುವ ಗಲ್ಲಿಯಲ್ಲಿ ದಾರಿ ತಪ್ಪಿತು. ಒಂದು ಅಂಗಳದಲ್ಲಿ ಬಿಸಿಲಿಗೆ ಕೂತು ಒಬ್ಬ ಮುದುಕ ಸೌದೆ ಸೀಳುತ್ತಿದ್ದ. ಕೈಯಲ್ಲಿ ಕುಕ್ರಿ. ಅಲಗು ಹಳೇ ಬಾಣಲೆಯ ಹಾಗೆ ಕಪ್ಪು. ಕೊಂಬಿನ ಹಿಡಿ ಬಿರುಕು ಬಿಟ್ಟು, ಅದಕ್ಕೆ ತಾಮ್ರದ ತಂತಿ ಸುತ್ತಿತ್ತು. ಸಿಂಹವಿಲ್ಲ, ಹೊಳಪಿಲ್ಲ. ನಾನು ಅಲ್ಲೇ ನಿಂತುಬಿಟ್ಟೆ.

ಕುಕ್ರಿಯನ್ನು ಒರೆಯಿಂದ ತೆಗೆದರೆ ರಕ್ತ ಕಾಣದೆ ಮತ್ತೆ ಒಳಗೆ ಹಾಕುವುದಿಲ್ಲ ಎಂದು ಸುಧೀಂದ್ರ ಹೇಳಿದ್ದ. ಮುದುಕ ಸೌದೆ ಮುಗಿಸಿ, ಅದರಲ್ಲೇ ಒಂದು ಮೂಲಂಗಿ ಹೆರೆದು ತಿಂದು, ಅಲಗನ್ನು ಪೈಜಾಮಕ್ಕೆ ಒರೆಸಿ ಒರೆಗೆ ಹಾಕಿದ.

"ರಕ್ತ?" ಎಂದು ಕೇಳಿದೆ.

"ಮೂಲಂಗೀಲಿ ರಕ್ತ ಎಲ್ಲಿರತ್ತೆ?" ಅಂದ ಅವನು.

ನಾವು ಮಾತಾಡಿದ್ದು ಹಿಂದಿಯಲ್ಲಿ. ಅವನದು ಮಿಲಿಟರಿ ಹಿಂದಿ, ನನ್ನದು ಮೂವತ್ತೈದು ಮಾರ್ಕಿನ ಹಿಂದಿ. ಅದನ್ನು ಕನ್ನಡಕ್ಕೆ ಇಳಿಸಿ ಹೇಳುತ್ತಿದ್ದೇನೆ, ನಡುನಡುವೆ ಕೈಸನ್ನೆಗಳನ್ನು ನೀವೇ ಹಾಕಿಕೊಳ್ಳಿ.

ಅವನು ಗೂರ್ಖಾ ಪಡೆಯಲ್ಲಿ ಹವಲ್ದಾರನಾಗಿದ್ದವನು. ಬರ್ಮಾಕ್ಕೆ ನಿಜವಾಗಿಯೂ ಹೋಗಿದ್ದವನು, ಆ ಕುಕ್ರಿಯೂ ಅವನ ಸೊಂಟದಲ್ಲೇ ಹೋಗಿಬಂದದ್ದು. ನಾನೂ ಕತ್ತಿ ಕೂಡಿಡುತ್ತೇನೆ ಎಂದ ತಕ್ಷಣ ತಾತನ ಮುಖ ಅರಳಿತು. ಕೈಹಿಡಿದು ಒಳಗೆ ಕರೆದುಕೊಂಡು ಹೋದ. ಒಂದು ಗೋಡೆ ತುಂಬ ಮೊಳೆ, ಮೊಳೆಗಳ ತುಂಬ ಕತ್ತಿ. ಬರ್ಮಾದ ಉದ್ದ ಕತ್ತಿ, ಜಪಾನಿನ ಬಯೊನೆಟ್ಟು, ಇಟಲಿಯವನ ಕಠಾರಿ, ಯಾವುದೋ ಇಂಗ್ಲಿಷ್ ಸಾಹೇಬನ ಬೇಟೆ ಚಾಕು. ನಮ್ಮ ಫೋರ್ತ್ ಬ್ಲಾಕ್ ಕಾಂಪ್ಲೆಕ್ಸಿನ ಎಲ್ಲ ಪಾತ್ರೆ ಅಂಗಡಿಗಳನ್ನು ಕರಗಿಸಿದರೂ ಅಷ್ಟು ಕಬ್ಬಿಣ ಬರುವುದಿಲ್ಲ.

"ಇದು ಎಷ್ಟು ಜನರನ್ನ ಕೊಂದಿದೆ?" ಎಂದು ಜಪಾನಿನ ಬಯೊನೆಟ್ ತೋರಿಸಿ ಕೇಳಿದೆ.

"ಅದು ಮೀನಿನ ಡಬ್ಬ ತೆಗೆಯೋಕೆ ಬಹಳ ಚೆನ್ನಾಗಿತ್ತು," ಅಂದ ತಾತ.

ಇಟಲಿಯ ಕಠಾರಿ ತೋರಿಸಿದೆ. ಬರ್ಮಾಕ್ಕೆ ಮುಂಚೆ ಆಫ್ರಿಕಾದಲ್ಲಿದ್ದಾಗ ಶರಣಾದ ಸೈನಿಕನೊಬ್ಬ ಅದರಲ್ಲಿ ಈರುಳ್ಳಿಯನ್ನು ಗಾಜಿನಷ್ಟು ತೆಳ್ಳಗೆ ಹೆಚ್ಚಿ ತೋರಿಸಿ, ಆಮೇಲೆ ಕೊಟ್ಟನಂತೆ. ಬರ್ಮಾದ ಕತ್ತಿಯಿಂದ ಬಿದಿರ ಕಳಲೆ. ಸಾಹೇಬನ ಬೇಟೆ ಚಾಕಿನಿಂದ ಬ್ರೆಡ್ಡು. ನನಗೆ ಒಂದೂ ಅರ್ಥವಾಗಲಿಲ್ಲ. ಒಂದು ಮಹಾಯುದ್ಧವನ್ನು ಪೂರ್ತಿ ಮುಗಿಸಿ ಬಂದ ಮನುಷ್ಯ ಹೋಟೆಲಿನ ಮೆನು ಒಪ್ಪಿಸುತ್ತಿದ್ದ.

ಕುಕ್ರಿ ಕೊಡುತ್ತೀರಾ ಎಂದು ಕೇಳಿದೆ. ತಾತ ತಲೆಯಾಡಿಸಿದ. ಅವನು ಕೊಳ್ಳುವುದೂ ಇಲ್ಲ, ಮಾರುವುದೂ ಇಲ್ಲ. ಕತ್ತಿಗೆ ಕತ್ತಿ. ಅದೂ ಅಂಗಡಿಯ ಹೊಸದಲ್ಲ, ಕೆಲಸ ಮಾಡಿ ಸವೆದದ್ದು. ನಾನು ಜೇಬಿನಿಂದ ಸ್ಕೌಟ್ ಚಾಕು ತೆಗೆದು ಕೊಟ್ಟೆ.

"ಇದು ಏನು ಕೊಯ್ದಿದೆ?"

"ಪೆನ್ಸಿಲ್," ಅಂದೆ. ಬೇರೆ ಸುಳ್ಳು ಹಿಂದಿಯಲ್ಲಿ ಬೇಗ ಹೊಳೆಯಲಿಲ್ಲ.

ತಾತ ಗೋಡೆಯ ನಡುವಿನ ಒಂದು ಖಾಲಿ ಮೊಳೆ ತೋರಿಸಿದ. ದಕ್ಷಿಣದ ಕಡೆಯವನೊಬ್ಬ ಅವನ ಜೊತೆಗಿದ್ದನಂತೆ. ನಮ್ಮ ಮನೆಯಲ್ಲೊಂದು ಕತ್ತಿ ಇದೆ, ನೀನು ಅಂಥದ್ದನ್ನು ನೋಡೇ ಇಲ್ಲ, ರಜೆಗೆ ಹೋದಾಗ ತರುತ್ತೇನೆ ಎಂದು ಹೇಳಿ ಹೋದನಂತೆ. ಅಷ್ಟರಲ್ಲಿ ಯುದ್ಧ ಮುಗಿಯಿತು. ಅವನೂ ಬರಲಿಲ್ಲ, ಕತ್ತಿಯೂ ಬರಲಿಲ್ಲ.

"ನಿಮ್ಮ ಕಡೆ ಕತ್ತಿ ಇದ್ರೆ ತಾ. ಕುಕ್ರಿ ತಗೊಂಡು ಹೋಗು," ಅಂದ.

ಮರುದಿನ ಬೆಳಿಗ್ಗೆ ನಮ್ಮ ಬಸ್ಸು ವಾಪಸು ಹೊರಡುವುದಿತ್ತು.

ಲಾಡ್ಜು

ನಾನು ಓಡಿಬಂದಾಗ ಅಮ್ಮ ಸ್ನಾನಕ್ಕೆ ಹೋಗಿದ್ದಳು. ಅಡುಗೆ ಕೋಣೆಯಲ್ಲಿ ಮಾದಪ್ಪನವರು ಒಲೆಗೆ ಬೆನ್ನು ಮಾಡಿ ಅಕ್ಕಿ ಆರಿಸುತ್ತಿದ್ದರು. ಮೂಲೆಯಲ್ಲಿ ಈಳಿಗೆಮಣೆ ಕೂತಿತ್ತು. ನಾನು ಹುಟ್ಟಿದಾಗಿನಿಂದ ದಿನಾ ನೋಡಿದ ವಸ್ತು ಅದು, ಆವತ್ತು ಬೇರೆ ಕಣ್ಣಿನಿಂದ ನೋಡಿದೆ. ಮರದ ಮಣೆ, ಅದರಿಂದ ಹಾವಿನ ಹೆಡೆಯ ಹಾಗೆ ಎದ್ದು ನಿಂತ ಬಾಗಿದ ಅಲಗು, ಅಲಗಿನ ನೆತ್ತಿಯಲ್ಲಿ ಕಾಯಿ ತುರಿಯುವ ಹಲ್ಲಿನ ಬಿಲ್ಲೆ. ನಮ್ಮ ಮನೆಯಲ್ಲಿ ಬದನೆಕಾಯಿಗೆ ಬಿಟ್ಟು ಬೇರೆ ಯಾರಿಗೂ ಇದರ ಭಯ ಗೊತ್ತಿರಲಿಲ್ಲ.

"ಮಾದಪ್ಪನೋರೆ, ಇದನ್ನ ಸ್ವಲ್ಪ ಸಾಣೆ ಹಿಡಿಸ್ಕೊಂಡ್ ಬರ್ತೀನಿ."

"ನಿಮ್ಮಮ್ಮ ಹೇಳಿದ್ರಾ?"

"ಅಮ್ಮನೇ ಕಳ್ಸಿದ್ದು."

"ಬೇಗ ಬಾರಪ್ಪ. ಕಾಯಿಪಲ್ಯ ಎಲ್ಲ ಹಂಗೇ ಬಿದ್ದದೆ."

ಟವೆಲಿನಲ್ಲಿ ಸುತ್ತಿ ತಲೆಯ ಮೇಲೆ ಹೊತ್ತು ಹೊರಟೆ. ಅಲಗು ಟವೆಲನ್ನು ಸೀಳಿ ಹೊರಗೆ ಇಣುಕಿತು. ಗಲ್ಲಿಯ ಜನ ಎರಡು ಕಡೆ ಸರಿದು ದಾರಿ ಬಿಟ್ಟರು. ನಮ್ಮ ಯಾತ್ರೆಯ ಇಬ್ಬರು ಹೆಂಗಸರು ಬಳೆ ಅಂಗಡಿಯಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು, ನಾನು ನೋಡದ ಹಾಗೆ ನಡೆದೆ. ಎದುರಿಗೆ ಬಂದ ಒಂದು ಆಡು ಮಾತ್ರ ಹಗ್ಗ ಹಿಡಿದವನನ್ನು ಎಳೆದುಕೊಂಡು ವಾಪಸು ಓಡಿತು. ಈಳಿಗೆಮಣೆಯ ಶಕ್ತಿಯನ್ನು ಮೊದಲು ಗುರುತಿಸಿದ ಪ್ರಾಣಿ ಅದು.

ಮತ್ತೆ ತಾತನ ಅಂಗಳ

ತಾತ ಅದನ್ನು ಒಳಗೆ ಒಯ್ದು, ಕತ್ತಿಗಳ ಗೋಡೆಯ ಮುಂದೆ ನೆಲದ ಮೇಲೆ ಇಟ್ಟು ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಎತ್ತಿದ, ತಿರುಗಿಸಿದ, ಕಣ್ಣಿನ ಹತ್ತಿರ ತಂದ. ಅವನೂ ಗೊಂದಲಕ್ಕೆ ಬಿದ್ದದ್ದು ನೋಡಿ ನನಗೆ ಸಮಾಧಾನವಾಯಿತು. ಇಷ್ಟು ದಿನ ನಾನೊಬ್ಬನೇ ಆ ಊರಿನಲ್ಲಿ ತಲೆ ಕೆರೆದುಕೊಳ್ಳುತ್ತಿದ್ದೆ.

"ಇದು ಏನು?"

"ಮೈಸೂರು ಸೈನ್ಯದ್ದು. ಯುದ್ಧದ ಕತ್ತಿ."

"ಹಿಡಿ ಎಲ್ಲಿದೆ?"

"ಹಿಡಿ ಇಲ್ಲ. ಸೈನಿಕ ಇದರ ಮೇಲೆ ಕೂತ್ಕೋತಾನೆ."

ತಾತ ನನ್ನ ಮುಖ ನೋಡಿದ. "ಕೂತ್ಕೊಂಡು?"

"ಕೂತ್ಕೊಂಡೇ ಯುದ್ಧ. ಕತ್ತಿ ಅಲ್ಲಾಡಲ್ಲ. ಶತ್ರು ಬಂದು ತಾಗಬೇಕು."

"ಶತ್ರು ಬರದಿದ್ರೆ?"

"ಬರೋವರೆಗೂ ಕಾಯ್ತೀವಿ. ನಮ್ಮ ಕಡೆಯವರಿಗೆ ತಾಳ್ಮೆ ಜಾಸ್ತಿ."

ತಾತ ಗಂಭೀರವಾಗಿ ತಲೆಯಾಡಿಸಿದ. ನನಗೆ ಹುರುಪು ಬಂತು. ಸಾಲಾಗಿ ಸಾವಿರ ಜನ ಕೂರುತ್ತಿದ್ದರು ಅಂದೆ. ಕೋಟೆ ಬಾಗಿಲಲ್ಲಿ ಅರ್ಧ ಚಂದ್ರಾಕಾರದಲ್ಲಿ ಕೂರುತ್ತಿದ್ದರು ಅಂದೆ. ಆನೆಯ ಮೇಲೂ ಕೂರುತ್ತಿದ್ದರು ಅಂದೆ. ಆನೆಯ ಮೇಲೆ ಕೂತವನ ಹತ್ತಿರ ಶತ್ರು ಹೇಗೆ ಬರುತ್ತಾನೆ ಎಂದು ಅವನು ಕೇಳಲಿಲ್ಲ, ಅದು ಅವನ ದೊಡ್ಡತನ.

"ಈ ಹಲ್ಲು ಯಾಕೆ?" ಎಂದು ನೆತ್ತಿಯ ಬಿಲ್ಲೆ ಮುಟ್ಟಿದ.

"ಎಲುಬು ತುರಿಯೋಕೆ."

ಬಿಲ್ಲೆಯ ಸಂದಿಯಲ್ಲಿ ಬೆಳ್ಳಗೆ ಏನೋ ಅಂಟಿತ್ತು. ಬೆಳಗಿನ ಚಟ್ನಿಯದು. ತಾತ ಅದನ್ನು ಉಗುರಿನಿಂದ ಬಿಡಿಸಿ ಬಾಗಿಲಿನ ಬಿಸಿಲಿಗೆ ಹಿಡಿದ.

"ಇದು ಎಲುಬಾ?"

"ಹೂಂ. ಹಳೇದು."

ತಾತ ಅದನ್ನು ಬಾಯಿಗೆ ಹಾಕಿಕೊಂಡ. ನಿಧಾನವಾಗಿ ಅಗಿದ. ಕಣ್ಣು ಮುಚ್ಚಿ ಇನ್ನೂ ಸ್ವಲ್ಪ ಅಗಿದ.

"ನಿಮ್ಮ ಶತ್ರುಗಳು ಬಹಳ ಸಿಹಿ," ಅಂದ.

ಸಿಕ್ಕಿಬಿದ್ದೆನೋ ಇಲ್ಲವೋ ತಿಳಿಯಲಿಲ್ಲ. ತಾತನ ಮುಖದಲ್ಲಿ ಸಿಟ್ಟಿಲ್ಲ, ನಗುವಿಲ್ಲ. ಎದ್ದು ಹೋಗಿ ಕುಕ್ರಿ ತಂದು ತೊಡೆಯ ಮೇಲೆ ಇಟ್ಟುಕೊಂಡ. ಸುಧೀಂದ್ರನ ಬಯೊನೆಟ್ಟು ನನಗೆ ಒಂದು ಗೇಣು ದೂರದಲ್ಲಿ ಮಿನುಗಿತು.

"ಕೊಡ್ತೀನಿ. ಇದರ ಮೇಲೆ ಕೂರೋ ಸೈನಿಕ ಯಾರು, ಅದನ್ನ ಮಾತ್ರ ನಿಜ ಹೇಳು," ಅಂದ.

ನಾನು ಬಾಯಿ ತೆರೆದೆ. ಆಗ ಬಾಗಿಲಿಗೆ ಕತ್ತಲಾಯಿತು.

ಅಮ್ಮ ನಿಂತಿದ್ದಳು. ಒದ್ದೆ ಕೂದಲಿಗೆ ಟವೆಲು, ಹಣೆಗೆ ವಿಭೂತಿ. ಬಳೆ ಅಂಗಡಿಯ ಹೆಂಗಸರು ಕೆಲಸ ಮಾಡಿದ್ದರು.

"ಚಿದು, ತೊವ್ವೆ ಇಳಿಸಾಯ್ತು. ಬಸ್ ತುಂಬ ಜನ ತಟ್ಟೆ ಮುಂದೆ ಕೂತಿದಾರೆ. ಈಳಿಗೆಮಣೆಗೆ ಫಾರಿನ್ ತೋರ್ಸೋಕೆ ಕರ್ಕೊಂಡ್ ಬಂದ್ಯಾ?"

ತಾತ ಎದ್ದು ಕೈಮುಗಿದ. "ಸೈನಿಕರು ಇವರೇನಾ?" ಎಂದು ನನ್ನನ್ನು ಕೇಳಿದ.

"ಏನಂತೆ?" ಅಂದಳು ಅಮ್ಮ.

"ಕೂತ್ಕೋಬೇಕಂತೆ," ಅಂದೆ. ಸುಳ್ಳು ಅಂತಲೂ ಹೇಳುವ ಹಾಗಿಲ್ಲ.

ಅಮ್ಮ ಬೈಯುವವಳಿದ್ದಳು. ಅಷ್ಟರಲ್ಲಿ ಮೂಲೆಯ ಬುಟ್ಟಿ ಅವಳ ಕಣ್ಣಿಗೆ ಬಿತ್ತು. "ಅರೆ, ಸೀಮೆಬದನೆಕಾಯಿ. ನಮ್ಮೂರಿಂದಲ್ವಾ ಇದು? ಇಲ್ಲೂ ಬೆಳೀತಾರಾ?" ಎಂದು ಒಂದನ್ನು ಕೈಗೆ ತೆಗೆದುಕೊಂಡಳು. ತಾತ ಹೆಚ್ಚುವ ಸನ್ನೆ ಮಾಡಿ ಮಣೆ ತೋರಿಸಿದ. ಅಮ್ಮ ಒಂದು ಸಲ ನನ್ನನ್ನು, ಒಂದು ಸಲ ಅವನನ್ನು ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿ, ಒಂದು ಮಂಡಿ ಎತ್ತಿ, ಮಣೆಯನ್ನು ಪಾದದಿಂದ ಅದುಮಿ ಕೂತಳು.

ಕತ್ತಿ ಅಲ್ಲಾಡಲಿಲ್ಲ. ಕಾಯಿಯೇ ಬಂದು ತಾಗಿತು. ಸರ್ ಸರ್ ಎಂದು ಎರಡು ಹೋಳು, ನಾಲ್ಕು, ಎಂಟು, ಎಲ್ಲ ಅಳತೆ ಹಿಡಿದ ಹಾಗೆ. ಅಮ್ಮ ಅಲಗಿನ ಕಡೆ ನೋಡಲೂ ಇಲ್ಲ, ಗೋಡೆಯ ಮೇಲಿನ ಕತ್ತಿಗಳನ್ನು ನೋಡುತ್ತಿದ್ದಳು. "ಇಷ್ಟೊಂದು ಇಟ್ಕೊಂಡಿದಾರೆ, ಒಂದಕ್ಕೂ ಮಣೆ ಇಲ್ವಲ್ಲೋ," ಅಂದಳು.

ತಾತ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತುಬಿಟ್ಟಿದ್ದ. ಬುಟ್ಟಿ ಖಾಲಿಯಾಗುವವರೆಗೂ ಕಣ್ಣು ಮಿಟುಕಿಸಲಿಲ್ಲ. ಯಾವಾಗಿನಿಂದ ಇದು ನಿಮ್ಮ ಹತ್ತಿರ ಇದೆ ಎಂದು ಕೇಳಿದ. ನಾನು ಕನ್ನಡಕ್ಕೆ ತಿರುಗಿಸಿದೆ.

"ಮದುವೇಲಿ ನಮ್ಮಮ್ಮ ಕೊಟ್ಟಿದ್ದು. ಅವಳಿಗೆ ಅವರಮ್ಮ. ಮಣೆ ಬದಲಾಯ್ಸಿದೀವಿ, ಅಲಗು ಅದೇ. ದಿನಾ ಎರಡು ಹೊತ್ತು," ಅಂದಳು.

ನಾನು ಹಿಂದಿಗೆ ತಿರುಗಿಸಿದೆ. ಏನೂ ಸೇರಿಸಲಿಲ್ಲ, ಆಗ ನನಗೆ ಸೇರಿಸಲು ಏನೂ ಸಿಗಲಿಲ್ಲ. ತಾತ ಅಲಗಿನ ಮಧ್ಯದಲ್ಲಿ ಬೆರಳಾಡಿಸಿದ. ಮೂರು ತಲೆಮಾರಿನ ಕಾಯಿಪಲ್ಯ ತಾಗಿ ತಾಗಿ ಅಲ್ಲಿ ಸವೆದು ಹಳ್ಳವಾಗಿತ್ತು. ಖಾಲಿ ಮೊಳೆಯನ್ನು ಒಂದು ಸಲ ನೋಡಿದ. ಆ ದಕ್ಷಿಣದವನೂ ಕೂತು ಹೆಚ್ಚುವ ಈ ಕತ್ತಿಯನ್ನೇ ಹೇಳುತ್ತಿದ್ದನೇನೋ, ನಾವು ನಗುತ್ತಿದ್ದೆವು ಎಂದು ಮೆಲ್ಲಗೆ ಅಂದ. ಆಮೇಲೆ ಕುಕ್ರಿಯನ್ನು ಎರಡು ಕೈಯಲ್ಲಿ ಹಿಡಿದು ಅಮ್ಮನ ಮುಂದೆ ಚಾಚಿದ.

"ಈಳಿಗೆಮಣೆಗೆ ಅದನ್ನ ಕೊಡ್ತಾರಂತೆ," ಅಂದೆ.

"ಇದನ್ನ ಕೊಟ್ಟು ನಾನೇನು ಹಲ್ಲಲ್ಲಿ ಹೆಚ್ಲಾ?"

ಇದನ್ನು ಸ್ವಲ್ಪ ಮರ್ಯಾದೆಯಾಗಿ ಹೇಳಿದೆ. ತಾತ ನಕ್ಕ. ಮಣೆ ಬೇಡ, ಅದು ಅವರ ಹತ್ತಿರವೇ ಇರಬೇಕು, ಕೂತು ತೋರಿಸಿದರಲ್ಲ ಅಷ್ಟು ಸಾಕು, ಕುಕ್ರಿ ತೆಗೆದುಕೊಂಡು ಹೋಗಲಿ ಅಂದ. ಬದಲಿಗೆ ಏನೂ ಬೇಡ ಅಂದ.

ನಾನು ಇದನ್ನು ಎಷ್ಟು ಬೇಗ ಕನ್ನಡಕ್ಕೆ ತಿರುಗಿಸಿದೆನೆಂದರೆ ಅವನ ಮಾತು ಮುಗಿಯುವ ಮುಂಚೆ ನನ್ನದು ಮುಗಿದಿತ್ತು. ಕೈ ಕೂಡ ಚಾಚಿದೆ. ತಾಮ್ರದ ತಂತಿ ಬೆರಳಿಗೆ ತಣ್ಣಗೆ ತಾಗಿತು.

ಅಮ್ಮ ಎದ್ದು ಸೆರಗು ಸರಿಮಾಡಿಕೊಂಡಳು. ಈಳಿಗೆಮಣೆಯನ್ನು ಕಂಕುಳಿಗೆ ಇಟ್ಟುಕೊಂಡಳು. ಕುಕ್ರಿ ನೋಡಿದಳು, ಅದರ ಮೇಲಿದ್ದ ನನ್ನ ಬೆರಳು ನೋಡಿದಳು. ತಾತನಿಗೆ ಬಹಳ ವಿನಯದಿಂದ ಕೈಮುಗಿದು ಹೇಳಿದಳು:

"ಬೇಡಿ ತಾತ. ಮನೇಲಿ ಮಗು ಇದೆ."

"ಏನಂತೆ?" ಎಂದು ತಾತ ನನ್ನನ್ನು ಕೇಳಿದ.

ನನಗೆ ಆ ಊರಿನ ಗಡಿಯಾರ ಅರ್ಥವಾಗಿರಲಿಲ್ಲ, ಇಸವಿ ಅರ್ಥವಾಗಿರಲಿಲ್ಲ. ಹಿಂದಿಯಲ್ಲಿ ಮಗುವಿಗೆ ಏನೆನ್ನುತ್ತಾರೆ ಎನ್ನುವುದು ಮಾತ್ರ ಚೆನ್ನಾಗಿ ಗೊತ್ತಿತ್ತು. ಇಬ್ಬರೂ ಕಾಯುತ್ತಿದ್ದರು. ಹೇಳಿದೆ.

ತಾತ ನನ್ನನ್ನು ತಲೆಯಿಂದ ಕಾಲಿನವರೆಗೆ ಒಂದು ಸಲ ನೋಡಿದ. ಕುಕ್ರಿಯನ್ನು ನನ್ನ ಕೈಯಿಂದ ಮೆತ್ತಗೆ ಬಿಡಿಸಿಕೊಂಡು ಒರೆಗೆ ಹಾಕಿದ. ಗೋಡೆಯ ಹತ್ತಿರ ಹೋಗಿ ಮೊದಲು ಕೆಳಗಿನ ಮೊಳೆಗೆ ನೇತುಹಾಕಿದ. ಆಮೇಲೆ ಏನೋ ಯೋಚಿಸಿ, ಅದನ್ನು ತೆಗೆದು, ತುದಿಗಾಲಲ್ಲಿ ನಿಂತು, ಎಲ್ಲಕ್ಕಿಂತ ಮೇಲಿನ ಮೊಳೆಗೆ ಹಾಕಿದ.